ಫೋಟೋ ಪಾಸಿನ ಊರಿನಲ್ಲಿ ಬಡತನದ ಚಿತ್ರ ತೆಗೆಯುವುದೆಂದರೆ

ಮುಂಬಯಿಯ ಹಳೆಯ ಝೋಪಡಪಟ್ಟಿಯೊಂದರ ಓಣಿಯಲ್ಲಿ ಚೀಲದಿಂದ ಕ್ಯಾಮೆರಾ ಹೊರತೆಗೆದವನಿಗೆ ಮೊದಲು ಕೇಳಿಬರುವ ಪ್ರಶ್ನೆ, ‘ಸರ್ವೆ ಬಂತೇನು?’ ಎಂಬುದು. ಈ ಪ್ರಶ್ನೆಗೆ ಅರ್ಧ ಶತಮಾನದ ಹಿನ್ನೆಲೆಯಿದೆ. 1976ರಲ್ಲಿ ಸರಕಾರವು ನಗರದ ಗುಡಿಸಲುಗಳ ಗಣತಿ ನಡೆಸಿ, ಎಣಿಕೆಗೆ ಸಿಕ್ಕ ಕುಟುಂಬಗಳಿಗೆ ಭಾವಚಿತ್ರ ಅಂಟಿಸಿದ ಗುರುತಿನ ಚೀಟಿಯನ್ನು ಕೊಟ್ಟಿತು. ಜನ ಅದನ್ನು ಇಂದಿಗೂ ‘ಫೋಟೋ ಪಾಸ್’ ಎಂದೇ ಕರೆಯುತ್ತಾರೆ. ಮುಂದೆ ಪುನರ್ವಸತಿ ಯೋಜನೆಗಳು ಬಂದಾಗ 1995ರ ಜನವರಿ 1, ಆಮೇಲೆ 2000ದ ಜನವರಿ 1 ಎಂದು ಗಡುವಿನ ದಿನಾಂಕಗಳು ಗೊತ್ತಾದವು. ಆ ದಿನಕ್ಕೆ ಮುಂಚಿನಿಂದ ಇಲ್ಲಿಯೇ ಇದ್ದೇವೆಂದು ಕಾಗದದಲ್ಲಿ ತೋರಿಸಬಲ್ಲವರಿಗೆ ಉಚಿತ ಮನೆಯ ಹಕ್ಕು, ತೋರಿಸಲಾರದವರಿಗೆ ಯಾವತ್ತು ಬೇಕಾದರೂ ಬರಬಹುದಾದ ಬುಲ್ಡೋಜರ್. ಆದ್ದರಿಂದ ಈ ಊರಿನ ಬಡವರ ಮಟ್ಟಿಗೆ ಫೋಟೋ ಎಂಬುದು ನೆನಪಿನ ವಸ್ತುವಾಗುವುದಕ್ಕೆ ಬಹಳ ಮೊದಲೇ ದಾಖಲೆಯಾಗಿಬಿಟ್ಟಿದೆ. ಅದು ಮನೆ ಉಳಿಸಲೂಬಹುದು, ಕೆಡವಲೂಬಹುದು ಎಂಬುದನ್ನು ಅವರು ಯಾವ ಛಾಯಾಗ್ರಹಣದ ಶಾಲೆಗೂ ಹೋಗದೆ ಬಲ್ಲರು.

ಅದು ಅವರಿಗೆ ಗೊತ್ತಿದ್ದಷ್ಟು ನಮಗೆ, ಎಂದರೆ ಚಿತ್ರ ತೆಗೆಯುವವರಿಗೆ, ಗೊತ್ತಿರುವುದಿಲ್ಲ. ಯಾವ ಪತ್ರಿಕೆಯ ಸಂಬಳದ ಪಟ್ಟಿಯಲ್ಲಿಯೂ ಇಲ್ಲದೆ, ಕೆಲಸ ಸಿಕ್ಕಾಗ ದುಡಿದು, ಸಿಗದಿದ್ದಾಗ ತಾನೇ ವಿಷಯ ಹುಡುಕಿಕೊಂಡು ಹೋಗುವ ಫ್ರೀಲಾನ್ಸ್ ಛಾಯಾಗ್ರಾಹಕ ಬಡತನವನ್ನು ದಾಖಲಿಸುವುದೆಂದರೆ ಏನು, ಆ ಚಿತ್ರಗಳನ್ನು ಯಾರು ಕೊಳ್ಳುತ್ತಾರೆ, ಕೊಂಡ ಮೇಲೆ ಅವು ಎಲ್ಲಿ ಹೋಗುತ್ತವೆ, ಅದರಲ್ಲಿ ಮುಖ ಕೊಟ್ಟವರ ಪಾಲೇನು ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ. ಹತ್ತಾರು ವರ್ಷ ಈ ಕೆಲಸದಲ್ಲಿದ್ದು ನಾನು ಕಂಡುಕೊಂಡ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಚಿತ್ರ ತೆಗೆಯುವ ಕ್ಷಣದ ಸರಿತಪ್ಪುಗಳ ಬಗ್ಗೆ ಗೋಷ್ಠಿಗಳಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ, ಆದರೆ ನಿಜವಾದ ಹಾನಿಯಾಗುವುದು ಆಮೇಲೆ, ಚಿತ್ರ ಕೈಯಿಂದ ಕೈಗೆ ಹೋಗುವಾಗ. ಆ ಹಾನಿಯನ್ನು ತಡೆಯುವ ಶಕ್ತಿ ಇರುವುದು ಛಾಯಾಗ್ರಾಹಕ ಸಹಿ ಹಾಕುವ ಒಪ್ಪಂದದ ಕಾಗದದಲ್ಲಿ.

2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ ಜನಸಂಖ್ಯೆ ಸುಮಾರು 1.24 ಕೋಟಿ, ಅದರಲ್ಲಿ ಶೇ. 40ಕ್ಕಿಂತ ಹೆಚ್ಚು ಮಂದಿ ಕೊಳೆಗೇರಿವಾಸಿಗಳು. ಬಡತನದ ಚಿತ್ರ ಬೇಕಾದವರಿಗೆ ಇಲ್ಲಿ ಅಲೆಯಬೇಕಾದ ಅಗತ್ಯವೇ ಇಲ್ಲ ಎಂದು ಹೊರಗಿನವರಿಗೆ ತೋರುವುದು ಸಹಜ. ಹೀಗಾಗಿಯೇ ಸುಮಾರು 600 ಎಕರೆಯ ಧಾರಾವಿ ಜಗತ್ತಿನಲ್ಲಿಯೇ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಬಡಾವಣೆಗಳ ಸಾಲಿಗೆ ಸೇರಿದೆ. ಅಲ್ಲಿನ ಕುಂಭಾರವಾಡದ ಆವಿಗೆಯ ಹೊಗೆ, ‘13 ಕಂಪೌಂಡ್’ನಲ್ಲಿ ಬಣ್ಣದ ಪ್ರಕಾರ ವಿಂಗಡಿಸಿಟ್ಟ ಪ್ಲಾಸ್ಟಿಕ್ಕಿನ ರಾಶಿ, ತೊಗಲು ಹದ ಮಾಡುವವರ ಬೆನ್ನು, ಇವು ಎಷ್ಟು ಸಲ ಅಚ್ಚಾಗಿವೆಯೆಂದರೆ ಕ್ಯಾಮೆರಾ ಕಂಡೊಡನೆ ಕೆಲಸಗಾರರು ತಾವಾಗಿಯೇ ಬೆಳಕು ಬೀಳುವ ಕಡೆಗೆ ಸರಿದು ನಿಲ್ಲುತ್ತಾರೆ. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಕಣ್ಣಾರೆ ಕಂಡಿದ್ದೇನೆ.

ಕನ್ನಡಿಗನಾಗಿ ನನಗೆ ತೆರೆದುಕೊಂಡ ಬಾಗಿಲು ಬೇರೆಯದು. ಮುಂಬಯಿ ಕನ್ನಡಿಗರೆಂದರೆ ಕರಾವಳಿಯ ಹೋಟೆಲಿನವರು, ಮಾಟುಂಗಾದ ಸಂಘಸಂಸ್ಥೆಗಳು, ಯಕ್ಷಗಾನ ಎಂದಷ್ಟೇ ಊರಿನಲ್ಲಿರುವವರು ತಿಳಿದಿರುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬರಗಾಲಕ್ಕೊಮ್ಮೆ ಗುಳೆ ಬಂದು ಇಲ್ಲಿನ ಗಗನಚುಂಬಿಗಳಿಗೆ ಸಿಮೆಂಟು ಹೊತ್ತವರ ಸಂಖ್ಯೆ ದೊಡ್ಡದು. ಬೆಳಿಗ್ಗೆ ಎಂಟರ ಹೊತ್ತಿಗೆ ಠಾಣೆಯ ಅಥವಾ ನವಿ ಮುಂಬಯಿಯ ಯಾವುದಾದರೂ ನಾಕಾದಲ್ಲಿ ನಿಂತರೆ ಬುತ್ತಿಯ ಗಂಟು ಹಿಡಿದು ಕೂಲಿಗೆ ಕಾಯುವವರ ನಡುವೆ ಕನ್ನಡ, ಲಂಬಾಣಿ ಮಾತುಗಳು ಕಿವಿಗೆ ಬೀಳುತ್ತವೆ. ಈ ಭಾಷೆಯ ಕಾರಣದಿಂದಲೇ ನಾನು ಈ ವೃತ್ತಿಗೆ ಬಂದದ್ದು. ವಿದೇಶದಿಂದ ಬಂದ ಛಾಯಾಗ್ರಾಹಕರಿಗೆ ದಾರಿ ತೋರಿಸಿ, ಮಾತು ತಿಳಿಸಿ, ಅನುಮತಿ ಕೊಡಿಸುವ ‘ಫಿಕ್ಸರ್’ ಕೆಲಸದಿಂದ ಶುರುಮಾಡಿದೆ. ಅವರು ಒಂದು ವಾರದಲ್ಲಿ ಚಿತ್ರ ಮುಗಿಸಿ ವಿಮಾನ ಹತ್ತುತ್ತಿದ್ದರು. ನಾಕಾದವರು ಮರುದಿನ ನನ್ನನ್ನು ಹಿಡಿದು, ‘ಅಣ್ಣಾ, ಆ ಫೋಟೋ ಎಲ್ಲಿ ಬಂತು?’ ಎಂದು ಕೇಳುತ್ತಿದ್ದರು. ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ.

ಉತ್ತರ ಸಿಗಬೇಕಾದರೆ ಈ ಚಿತ್ರಗಳ ಮಾರುಕಟ್ಟೆಯನ್ನು ಅರಿಯಬೇಕು. ಪತ್ರಿಕೆಗಳಿಗೆ ಬಡತನದ ಚಿತ್ರ ಬೇಕಾಗುವುದು ಬೆಂಕಿ, ಮಳೆ, ಕಟ್ಟಡ ಕುಸಿತ, ಚುನಾವಣೆ, ಇಂತಹ ಸಂದರ್ಭಗಳಲ್ಲಿ ಮಾತ್ರ, ಮತ್ತು ಒಂದು ಚಿತ್ರಕ್ಕೆ ಅವು ಕೊಡುವ ಹಣ ಲೋಕಲ್ ರೈಲಿನ ಪಾಸು, ಚಹಾ, ಮೆಮೊರಿ ಕಾರ್ಡು ಕಳೆದರೆ ಹೆಚ್ಚೇನೂ ಉಳಿಯುವಂಥದ್ದಲ್ಲ. ದೊಡ್ಡ ಗಿರಾಕಿಗಳೆಂದರೆ ಸ್ವಯಂಸೇವಾ ಸಂಸ್ಥೆಗಳು ಮತ್ತು ಕಂಪನಿಗಳು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕಾಗಿದೆ. ಖರ್ಚು ಮಾಡಿದ ಮೇಲೆ ಅದನ್ನು ತೋರಿಸಬೇಕು, ತೋರಿಸಲು ಚಿತ್ರ ಬೇಕು. ವಾರ್ಷಿಕ ವರದಿಯ ನುಣುಪು ಕಾಗದದಲ್ಲಿ ನಗುವ ಶಾಲಾಮಕ್ಕಳು, ಹೊಲಿಗೆ ಯಂತ್ರದ ಮುಂದಿನ ಮಹಿಳೆ, ನಲ್ಲಿಯ ನೀರಿಗೆ ಕೈಯೊಡ್ಡಿದ ಅಜ್ಜಿ, ಇವರೆಲ್ಲ ಆ ಶೇ. 2ರ ಲೆಕ್ಕದ ಮುಖಗಳು. ಅದೇ ಹೊತ್ತಿಗೆ 2020ರಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಂದ ತಿದ್ದುಪಡಿಯು ಸಂಸ್ಥೆಗಳ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಕೈ ಬಿಗಿಯಾದಾಗ ಯಾವುದೇ ಕಚೇರಿ ಮೊದಲು ಕತ್ತರಿ ಹಾಕುವುದು ಫೋಟೋದ ಖರ್ಚಿಗೇ ಎಂಬುದನ್ನು ನಮ್ಮ ಬಳಗ ಅನುಭವದಿಂದ ಬಲ್ಲದು.

ಆದ್ದರಿಂದ ಬರೀ ಬಡತನದ ಚಿತ್ರಗಳಿಂದ ಹೊಟ್ಟೆ ಹೊರೆಯುವ ಫ್ರೀಲಾನ್ಸರ್ ಮುಂಬಯಿಯಲ್ಲಿ ಇಲ್ಲವೆಂದೇ ಹೇಳಬಹುದು. ನನ್ನ ಮನೆಯ ಬಾಡಿಗೆ ಕಟ್ಟುವುದು ಮದುವೆಗಳು, ಹೋಟೆಲುಗಳ ಮೆನು, ಮಾಟುಂಗಾದ ಸಭಾಂಗಣಗಳಲ್ಲಿ ನಡೆಯುವ ಅರಂಗೇಟ್ರಂ. ರವಿವಾರ ಸಂಜೆ ಮಸಾಲೆದೋಸೆಗೆ ದೀಪ ಹಿಡಿದವನೇ ಸೋಮವಾರ ನಸುಕಿನಲ್ಲಿ ಕಸದ ರಾಶಿಯ ಬುಡದಲ್ಲಿ ನಿಂತಿರುತ್ತಾನೆ. ಇದರಲ್ಲಿ ಅವಮಾನವೇನೂ ಇಲ್ಲ, ಬದಲಾಗಿ ಒಂದು ಲಾಭವಿದೆ: ಮದುವೆಯ ದುಡ್ಡಿನಿಂದ ಅಕ್ಕಿ ಬಂದಿರುವುದರಿಂದ ಬಡವರ ಚಿತ್ರವನ್ನು ಸಿಕ್ಕಿದವರಿಗೆ ಸಿಕ್ಕ ಬೆಲೆಗೆ ಮಾರಬೇಕಾದ ಒತ್ತಡ ಕಡಿಮೆಯಾಗುತ್ತದೆ.

ಈ ಒತ್ತಡ ಏನು ಮಾಡಿಸುತ್ತದೆ ಎಂಬುದಕ್ಕೆ ನನ್ನದೇ ಉದಾಹರಣೆ ಕೊಡಬೇಕು. ವೃತ್ತಿಯ ಆರಂಭದ ದಿನಗಳಲ್ಲಿ ಮಸ್ಜಿದ್ ಬಂದರಿನ ಹತ್ತಿರ ಕೈಗಾಡಿಯ ಮೇಲೆಯೇ ನಿದ್ದೆ ಹೋಗಿದ್ದ ಒಬ್ಬ ಹಮಾಲಿಯ ಚಿತ್ರ ತೆಗೆದೆ. ಮಧ್ಯಾಹ್ನ ಎರಡರ ಬಿಸಿಲು, ಮುಖದ ಮೇಲೆ ಮಡಿಚಿಟ್ಟ ತೋಳು, ಗಾಡಿಯ ಗಾಲಿಗೆ ಕಟ್ಟಿದ ನೀರಿನ ಬಾಟಲಿ. ನಸುಕಿನ ಮೂರಕ್ಕೆ ಎದ್ದು ಸರಕು ಹೊತ್ತ ಆ ಮನುಷ್ಯನಿಗೆ ಅದು ವಿಶ್ರಾಂತಿಯ ವೇಳೆ. ಎದ್ದ ಮೇಲೆ ಆತನೇ ನನಗೆ ಹೇಳಿದ ಮಾತದು. ಆ ಚಿತ್ರದ ಜೊತೆ ಇನ್ನೂ ಕೆಲವನ್ನು ಸೇರಿಸಿ ಒಂದು ಸಂಸ್ಥೆಗೆ ಕೊಟ್ಟೆ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದಿದ್ದ ಇಂಗ್ಲಿಷ್ ಕಾಗದವನ್ನು ಪೂರ್ತಿ ಓದದೆ ಸಹಿ ಹಾಕಿದೆ. ಮೂರು ವರ್ಷದ ನಂತರ ಅದೇ ಚಿತ್ರ ಕುಡಿತ ಬಿಡಿಸುವ ಪ್ರಚಾರದ ಫಲಕವೊಂದರಲ್ಲಿ ಕಾಣಿಸಿಕೊಂಡಿತು. ಆ ಸಂಸ್ಥೆ ಅದನ್ನು ಬೇರೊಬ್ಬರಿಗೆ ಕೊಟ್ಟಿತ್ತು, ಅವರಿಗೆ ಅದು ಹಗಲಲ್ಲಿ ಕುಡಿದು ಬಿದ್ದವನ ಚಿತ್ರವಾಗಿ ಕಂಡಿತ್ತು. ಫೋನು ಮಾಡಿದೆ, ಪತ್ರ ಬರೆದೆ. ‘ನಿಮ್ಮ ಸಹಿ ಇದೆಯಲ್ಲ’ ಎಂಬ ಉತ್ತರ ಬಂತು. ಮುಖ ಅರ್ಧ ಮುಚ್ಚಿತ್ತೆಂಬುದೊಂದೇ ಸಮಾಧಾನ. ಆದರೆ ಆ ಬಾಟಲಿಯನ್ನೂ ಆ ಗಾಡಿಯನ್ನೂ ಅವನ ಜೊತೆಯವರು ಗುರುತಿಸದೆ ಇರಲಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಆಮೇಲೆ ಕಲಿತೆ. ನಮ್ಮ ವೃತ್ತಿಯವರಲ್ಲಿ ಹೆಚ್ಚಿನವರು ಹೀಗೆಯೇ ತಡವಾಗಿ ಕಲಿಯುತ್ತಾರಾದ್ದರಿಂದ ಇಲ್ಲಿ ತುಸು ವಿವರವಾಗಿ ಬರೆಯುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ ಛಾಯಾಚಿತ್ರದ ಮೊದಲ ಒಡೆತನ ಅದನ್ನು ತೆಗೆದವರದು. ಆದರೆ ಆ ಕಲಮಿನಲ್ಲಿಯೇ ಒಂದು ಮುಳ್ಳಿದೆ: ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ, ತೆಗೆಸಿದವರೇ ಮೊದಲ ಒಡೆಯರಾಗುತ್ತಾರೆ. ಅಂದರೆ ಬಾಯಿಮಾತಿನ ಮೇಲೆ ಕೆಲಸ ಒಪ್ಪಿಕೊಂಡು ಹೋದ ಫ್ರೀಲಾನ್ಸರ್ ತನಗೆ ಗೊತ್ತಿಲ್ಲದೆಯೇ ಒಡೆತನ ಕಳೆದುಕೊಂಡಿರುತ್ತಾನೆ. ‘ಕೃತಿಸ್ವಾಮ್ಯ ಛಾಯಾಗ್ರಾಹಕರದೇ, ಸಂಸ್ಥೆಗೆ ಇಂತಿಷ್ಟು ಬಳಕೆಯ ಪರವಾನಗಿ ಮಾತ್ರ’ ಎಂಬ ಒಂದು ಸಾಲನ್ನು ಕೆಲಸಕ್ಕೆ ಹೊರಡುವ ಮೊದಲೇ ಬರೆಸಿಕೊಂಡರೆ ಪರಿಸ್ಥಿತಿ ತಲೆಕೆಳಗಾಗುತ್ತದೆ. 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅದರಲ್ಲಿ ಅವಧಿಯನ್ನು ಹೇಳಿರದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳಿರದಿದ್ದರೆ ಭಾರತದ ಮಟ್ಟಿಗೆ ಎಂದೂ ಭಾವಿಸಲಾಗುತ್ತದೆ. ಹಕ್ಕನ್ನು ಮಾರಿದ ಮೇಲೂ ಕೃತಿಯ ಮೇಲೆ ತನ್ನ ಹೆಸರನ್ನು ಕೇಳುವ, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ತಿರುಚಿದರೆ ತಡೆಯುವ ಅಧಿಕಾರವನ್ನು 57ನೇ ಕಲಂ ಉಳಿಸಿಕೊಡುತ್ತದೆ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಹಕ್ಕು ತೆಗೆದವರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ ಬಾಳುತ್ತದೆ. ಹಮಾಲಿಯ ಮೊಮ್ಮಕ್ಕಳ ಕಾಲದವರೆಗೂ ಅವನ ಮುಖ ಯಾವ ಫಲಕದ ಮೇಲೆ ಹೋಗಬಹುದು, ಹೋಗಬಾರದು ಎಂದು ನಿರ್ಧರಿಸುವ ಕೀಲಿಕೈ ಛಾಯಾಗ್ರಾಹಕನ ಜೇಬಿನಲ್ಲಿಯೇ ಇರುತ್ತದೆ, ಅದನ್ನು ಅವನು ಕೆಲವು ಸಾವಿರ ರೂಪಾಯಿಗೆ ಬಿಟ್ಟುಕೊಡದಿದ್ದರೆ.

ಇಷ್ಟೆಲ್ಲ ಕಲಮುಗಳಲ್ಲಿ ಚಿತ್ರದಲ್ಲಿರುವ ಮನುಷ್ಯನ ಹೆಸರೇ ಬರುವುದಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ಕೃತಿಸ್ವಾಮ್ಯದ ಕಾನೂನಿಗೆ ಮುಖ ಕೊಟ್ಟವನು ಲೆಕ್ಕಕ್ಕಿಲ್ಲ. ಇದು ಹಳೆಯ ಕಥೆ. 1936ರಲ್ಲಿ ಅಮೆರಿಕದ ಡೊರೊಥಿಯಾ ಲ್ಯಾಂಜ್ ಕ್ಯಾಲಿಫೋರ್ನಿಯಾದ ಕೂಲಿಕಾರರ ಶಿಬಿರವೊಂದರಲ್ಲಿ ಮಕ್ಕಳನ್ನು ತಬ್ಬಿಕೊಂಡು ಕುಳಿತ ತಾಯಿಯೊಬ್ಬಳ ಚಿತ್ರ ತೆಗೆದರು. ಹೆಸರನ್ನು ಕೇಳಿಕೊಳ್ಳಲಿಲ್ಲ. ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಶಿಬಿರಕ್ಕೆ ಆಹಾರ ಬಂತು, ಅಷ್ಟರಲ್ಲಿ ಆಕೆಯ ಸಂಸಾರ ಕೂಲಿ ಹುಡುಕಿಕೊಂಡು ಮುಂದಿನ ಊರಿಗೆ ಹೋಗಿಯಾಗಿತ್ತು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆಕೆಯ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲ, ಅದನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಕೆ ಹೇಳಿಕೊಂಡರು. ಲ್ಯಾಂಜ್ ಅವರಿಗೂ ಅದರ ಹಕ್ಕು ಇರಲಿಲ್ಲ, ಸರಕಾರದ ಸಂಬಳಕ್ಕೆ ತೆಗೆದ ಚಿತ್ರವಾದ್ದರಿಂದ ಅದು ಯಾರು ಬೇಕಾದರೂ ಬಳಸಬಹುದಾದ ಸೊತ್ತಾಯಿತು. ನಮ್ಮ ನೆಲದಲ್ಲಿ ಇದಕ್ಕಿಂತ ಹಿಂದೆಯೇ, ಜನ ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ 1876-78ರ ಕ್ಷಾಮದಲ್ಲಿ, ವಿಲಬಿ ವ್ಯಾಲೇಸ್ ಹೂಪರ್ ಎಂಬ ಸೇನಾಧಿಕಾರಿ ಮದ್ರಾಸ್ ಪ್ರಾಂತದ ಎಲುಬುಗೂಡಾದ ಜನರನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆದಿದ್ದ. ಅದೇ ಕ್ಷಾಮ ಬಳ್ಳಾರಿ, ವಿಜಯಪುರ, ಧಾರವಾಡ, ಮೈಸೂರು ಸೀಮೆಗಳನ್ನೂ ಬರಿದು ಮಾಡಿತು. ಆ ಚಿತ್ರಗಳನ್ನು ನೋಡುವಾಗ ಅದರಲ್ಲಿ ಕುಳಿತವರು ಯಾರ ಹಿರಿಯರೋ ಎಂಬ ಪ್ರಶ್ನೆ ನನಗೆ ಏಳುತ್ತದೆ, ಹೆಸರಿಲ್ಲದ್ದರಿಂದ ಅದು ಪ್ರಶ್ನೆಯಾಗಿಯೇ ಉಳಿಯುತ್ತದೆ.

ಒಪ್ಪಿಗೆಯ ವಿಷಯಕ್ಕೆ ಬರೋಣ. ಸಂಸ್ಥೆಗಳು ಸಾಮಾನ್ಯವಾಗಿ ಒಂದು ಇಂಗ್ಲಿಷ್ ಅರ್ಜಿಯನ್ನು ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡು ಬನ್ನಿ ಎನ್ನುತ್ತವೆ. ಆ ಹೆಬ್ಬೆಟ್ಟಿನಿಂದ ಸಂಸ್ಥೆಯ ಕಡತ ತುಂಬುತ್ತದೆ, ಒಪ್ಪಿಗೆ ಸಿಕ್ಕಂತಾಗುವುದಿಲ್ಲ. ಕಟ್ಟಡದ ಸೈಟಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಕೂಲಿಗಳನ್ನು ಊರಿನಿಂದ ಕರೆತಂದ ಗುತ್ತೇದಾರ ಎಲ್ಲರ ಪರವಾಗಿ ‘ತೆಗೀರಿ, ಏನೂ ತೊಂದರೆ ಇಲ್ಲ’ ಎಂದುಬಿಡುತ್ತಾನೆ. ಮುಂಗಡ ಕೊಟ್ಟವನ ಎದುರಿನಲ್ಲಿ ಬೇಡವೆನ್ನುವ ಧೈರ್ಯ ಯಾರಿಗಿರುತ್ತದೆ? ಆದ್ದರಿಂದ ನಾನು ಕೇಳುವುದು ಎರಡು ಸಲ, ಎರಡು ಬೇರೆ ದಿನ, ಎರಡನೆಯ ಸಲ ಗುತ್ತೇದಾರ ಇಲ್ಲದ ಹೊತ್ತಿನಲ್ಲಿ. ಚಿತ್ರ ಯಾರಿಗೆ ಹೋಗುತ್ತದೆ, ಮೊಬೈಲಿನಲ್ಲಿ ಬರುತ್ತದೆಯೇ, ಊರಿನವರು ನೋಡಬಹುದೇ ಎಂಬುದನ್ನು ಅವರ ಮಾತಿನಲ್ಲಿಯೇ ಹೇಳಿ, ಅವರ ಉತ್ತರವನ್ನು ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುತ್ತೇನೆ.

ಹೀಗೆ ಕೇಳಿದಾಗ ಒಮ್ಮೆ ಸಿಕ್ಕ ಉತ್ತರ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ನವಿ ಮುಂಬಯಿಯ ಒಂದು ಸೈಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಮೂರು ಕಲ್ಲಿನ ಒಲೆಯ ಮೇಲೆ ಜೋಳದ ರೊಟ್ಟಿ ಬೇಯಿಸುತ್ತಿದ್ದಳು. ಕಟ್ಟಿಗೆಯಾಗಿ ಉರಿಯುತ್ತಿದ್ದುದು ಸಿಮೆಂಟು ಅಂಟಿದ ಸೆಂಟ್ರಿಂಗ್ ಹಲಗೆಯ ತುಂಡು. ಅದರ ಹೊಗೆ ಕಣ್ಣು ಉರಿಸುವಂಥದ್ದು. ‘ಅಕ್ಕಾ, ಒಂದು ಫೋಟೋ ತೆಗೆಯಲೇನು?’ ಎಂದೆ. ಅವಳು ರೊಟ್ಟಿ ಮಗುಚಿ ಹಾಕಿ ಹೇಳಿದಳು: ‘ತಗೀರಿ ಅಣ್ಣಾ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮೂರಾಗ ಯಾರ ಕಣ್ಣಿಗೂ ಬೀಳಬಾರ್ದು. ಮುಂಬೈನಾಗ ಬಿಲ್ಡಿಂಗ್‌ದಾಗ ಇದೀವಿ ಅಂತ ಅತ್ತಿ ಮನಿಗಿ ಹೇಳೀವಿ.’ ಅಂಥ ದೊಡ್ಡ ಸುಳ್ಳೂ ಅಲ್ಲ. ಹಿಂದಿನ ಮಳೆಗಾಲದಲ್ಲಿ ಶೆಡ್ಡಿನೊಳಗೆ ನೀರು ನುಗ್ಗಿದಾಗ ಅವರು ತಿಂಗಳುಗಟ್ಟಲೆ ಬಾಗಿಲು ಕಿಟಕಿಗಳಿಲ್ಲದ ಮೂರನೆಯ ಮಾಳಿಗೆಯಲ್ಲಿಯೇ ಮಲಗಿದ್ದರು.

ವಿದೇಶದ ಪತ್ರಿಕೆಯಲ್ಲಿ ಮುಖ ಬಂದರೆ ಇವರಿಗೇನು ಗೊತ್ತಾಗುತ್ತದೆ ಎಂಬ ಮಾತು ಒಂದು ಕಾಲಕ್ಕೆ ನಡೆಯುತ್ತಿತ್ತು. ಈಗ ಚಿತ್ರ ಬೆಳಿಗ್ಗೆ ಎಲ್ಲಿ ಪ್ರಕಟವಾದರೂ ಸಂಜೆಯೊಳಗೆ ತಾಂಡಾದ ವಾಟ್ಸ್ಆ್ಯಪ್ ಗುಂಪಿನಲ್ಲಿರುತ್ತದೆ. ಹಸಿವಿಗಿಂತ ಹೆಚ್ಚಾಗಿ ನಾಲ್ಕು ಮಂದಿಯ ಮುಂದೆ ಮರ್ಯಾದೆ ಹೋಗುವುದಕ್ಕೆ ಜನ ಹೆದರುತ್ತಾರೆ. ಬಡತನದ ಬಗ್ಗೆ ಅಂಕಿ-ಅಂಶ ಓದಿ ಬಂದವರಿಗೆ ಇದು ತಿಳಿಯುವುದು ನಿಧಾನ.

ಹಣ ಕೊಡಬೇಕೇ ಎಂಬುದು ಇನ್ನೊಂದು ಮುಗಿಯದ ಪ್ರಶ್ನೆ. ಸುದ್ದಿಯ ಚಿತ್ರಕ್ಕೆ ದುಡ್ಡು ಕೊಡಬಾರದು, ಕೊಟ್ಟರೆ ಜನ ನಟಿಸತೊಡಗುತ್ತಾರೆ ಎಂಬ ವಾದದಲ್ಲಿ ಹುರುಳಿದೆ. ಆದರೆ ನಾಕಾದಲ್ಲಿ ಬೆಳಿಗ್ಗೆ ಎಂಟರಿಂದ ಹತ್ತರ ನಡುವೆ ಒಬ್ಬನನ್ನು ಮಾತಿಗೆಳೆದು ನಿಲ್ಲಿಸಿಕೊಂಡರೆ ಅವನ ಆ ದಿನದ ಕೂಲಿ ಹೋಯಿತೆಂದೇ ಅರ್ಥ, ಏಕೆಂದರೆ ಕೆಲಸಕ್ಕೆ ಕರೆಯುವವರು ಬರುವುದು ಅದೇ ಹೊತ್ತಿಗೆ. ಹೀಗಾಗಿ ನಾಕಾದ ಚಿತ್ರವನ್ನು ಬೆಳಿಗ್ಗೆ ದೂರದಿಂದ ತೆಗೆದು, ಮಾತುಕತೆಯನ್ನು ಸಂಜೆಗೋ ಕೆಲಸ ಸಿಗದ ಮಳೆಯ ದಿನಕ್ಕೋ ಇಟ್ಟುಕೊಳ್ಳುವುದು ಲೇಸು. ನಗದಿನ ಬದಲು ನಾನು ಪ್ರಿಂಟ್ ಒಯ್ಯುತ್ತೇನೆ. ಜನ ನಿಜವಾಗಿ ಬಯಸುವುದು ಹೊಸ ಬಟ್ಟೆಯಲ್ಲಿ ಸಂಸಾರದ ಸಮೇತ ನೆಟ್ಟಗೆ ನಿಂತ ಒಂದು ಚಿತ್ರವನ್ನು, ಇಲ್ಲವೇ ಅರ್ಜಿಗೆ ಅಂಟಿಸಲು ಪಾಸ್‌ಪೋರ್ಟ್ ಅಳತೆಯ ನಾಲ್ಕು ಪ್ರತಿಗಳನ್ನು.

ಮಕ್ಕಳ ವಿಷಯದಲ್ಲಿ ಮಾತ್ರ ಚೌಕಾಸಿಗೆ ಅವಕಾಶವಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ವ್ಯಾಖ್ಯೆಯಲ್ಲಿ ಬೀದಿಯಲ್ಲಿ ಬದುಕುವ, ಭಿಕ್ಷೆ ಬೇಡುವ, ಕಾನೂನು ಮೀರಿ ದುಡಿಮೆಗೆ ಹಚ್ಚಲ್ಪಟ್ಟ ಮಗು ‘ಆರೈಕೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು’. ಅಂತಹ ಮಗುವಿಗೆ ಸಂಬಂಧಿಸಿದ ವಿಚಾರಣೆ, ತನಿಖೆಗಳ ವರದಿಯಲ್ಲಿ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸಬಾರದೆಂದು ಅದರ 74ನೇ ಕಲಂ ಹೇಳುತ್ತದೆ. ಮೀರಿದರೆ 6 ತಿಂಗಳವರೆಗೆ ಸೆರೆ, 2 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಸಿಗ್ನಲ್ಲಿನಲ್ಲಿ ಹೂ ಮಾರುವ ಹುಡುಗಿಯ ಹೊಳೆಯುವ ಕಣ್ಣು ಪ್ರಶಸ್ತಿ ತರಬಹುದು, ಆದರೆ ಆ ಕಣ್ಣಿನ ಜೊತೆಗೆ ಸಿಗ್ನಲ್ಲಿನ ಹೆಸರೂ ಹೋದರೆ ಅವಳನ್ನು ಹುಡುಕಿಕೊಂಡು ಯಾರು ಬರುತ್ತಾರೆಂದು ಹೇಳಲಾಗದು. ಶೀರ್ಷಿಕೆಯಲ್ಲಿ ‘ಭಿಕ್ಷುಕಿ’ ಎಂದು ಬರೆಯುವ ಮುಂಚೆಯೂ ಯೋಚಿಸಬೇಕು. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆಯಡಿ ಭಿಕ್ಷೆ ಬೇಡುವುದು ಅಪರಾಧವಾದ್ದರಿಂದ ಆ ಒಂದು ಪದ ಅವಳ ಮೇಲೆ ಹೊರಿಸಿದ ಆರೋಪವೂ ಆಗುತ್ತದೆ. ಇನ್ನು ಸ್ಥಳದ ನಿರ್ಬಂಧಗಳು: ರೈಲು ನಿಲ್ದಾಣ, ಬಂದರು, ಕೊಲಾಬಾದ ನೌಕಾದಳದ ಆವರಣ, ಚೀತಾ ಕ್ಯಾಂಪ್ ಎಂಬ ಬಸ್ತಿಯ ಬೆನ್ನಿಗಿರುವ ಅಣುಶಕ್ತಿ ಕೇಂದ್ರ. ಅಲ್ಲೆಲ್ಲ ಪೊಲೀಸರು ವಿಚಾರಿಸಿಯೇ ವಿಚಾರಿಸುತ್ತಾರೆ. 1927ರಿಂದ ಊರಿನ ಕಸ ಹೊತ್ತ ದೇವನಾರದ ರಾಶಿಗೆ 2016ರ ಜನವರಿಯಲ್ಲಿ ಬೆಂಕಿ ಬಿದ್ದ ಮೇಲೆ ಅಲ್ಲಿಯೂ ಕಾವಲು ಬಿಗಿಯಾಯಿತು. ಅದರ ಬಿಸಿ ತಟ್ಟಿದ್ದು ಕ್ಯಾಮೆರಾದವರಿಗಿಂತ ಚಿಂದಿ ಆಯುವವರಿಗೆ.

ಬಡತನದ ಚಿತ್ರದಲ್ಲಿ ಸುಳ್ಳು ನುಸುಳುವುದು ತೀರ ಸಣ್ಣ ನಿರ್ಧಾರಗಳಿಂದ. ಮೇ ತಿಂಗಳ ಕೊನೆಗೆ ಮುಂಬಯಿಯ ಬಸ್ತಿಗಳ ಮೇಲೆ ನೀಲಿ ತಾಡಪತ್ರಿ ಹರಡುತ್ತದೆ. ಅದರಡಿ ಬರುವ ಬೆಳಕು ಎಲ್ಲರ ಮುಖವನ್ನೂ ನೀಲಿಯಾಗಿಸುತ್ತದೆ, ಚರ್ಮ ಕಾಯಿಲೆ ಬಿದ್ದವರ ಚರ್ಮದಂತೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಬಣ್ಣ ಸರಿಪಡಿಸುವುದು ತ್ರಾಸದ ಕೆಲಸ, ಆದ್ದರಿಂದ ಬಹಳ ಮಂದಿ ಚಿತ್ರವನ್ನು ಕಪ್ಪುಬಿಳುಪಾಗಿಸಿಬಿಡುತ್ತಾರೆ. ಒಡನೆಯೇ ಅದು ಗಂಭೀರವಾಗಿ, ಕಲಾತ್ಮಕವಾಗಿ, ಮತ್ತು ಐವತ್ತು ವರ್ಷ ಹಳೆಯದಾಗಿ ಕಾಣತೊಡಗುತ್ತದೆ. ಈ ವರ್ಷದ ಬಡತನ, ಈ ವರ್ಷದ ಯಾವುದೋ ಕಚೇರಿ ಉತ್ತರಿಸಬೇಕಾದ ಬಡತನ, ಯಾವುದೋ ಕಾಲದ ಹಣೆಬರಹವಾಗಿಬಿಡುತ್ತದೆ. ಹಾಗೆಯೇ ಹತ್ತು ಅಡಿಯ ಕೋಣೆಯ ಮೂಲೆಯಲ್ಲಿ ಫ್ರಿಜ್ಜು, ಗೋಡೆಯ ಮೇಲೆ ಟಿ.ವಿ. ಇದ್ದರೆ ಅದನ್ನು ಚೌಕಟ್ಟಿನಿಂದ ಹೊರಗಿಡುವ ಚಾಳಿ. ಟಿ.ವಿ. ಇದ್ದೂ ಶೌಚಾಲಯಕ್ಕೆ ಸಾಲು ನಿಲ್ಲಬೇಕಾದದ್ದೇ ಈ ನಗರದ ಬಡತನದ ವಿಚಿತ್ರ. ಅದನ್ನು ಕತ್ತರಿಸಿದರೆ ಉಳಿಯುವುದು ನೋಡುವವರಿಗೆ ಮೊದಲೇ ಗೊತ್ತಿದ್ದ ಬಡತನ. 200 ಎಂಎಂ ಲೆನ್ಸಿನಲ್ಲಿ ರಸ್ತೆಯಾಚೆಯಿಂದ ಕದ್ದ ಮುಖಕ್ಕೂ, ನೆಲದ ಮೇಲೆ ಅವರ ಸಮಕ್ಕೆ ಕುಳಿತು 35 ಎಂಎಂನಲ್ಲಿ ತೆಗೆದ ಮುಖಕ್ಕೂ ವ್ಯತ್ಯಾಸ ಹೇಳಲು ಪರಿಣತಿ ಬೇಕಿಲ್ಲ. ಎರಡನೆಯದರಲ್ಲಿ ಆ ವ್ಯಕ್ತಿ ನಿಮ್ಮನ್ನು ನೋಡುತ್ತಿರುತ್ತಾನೆ.

ಇದರ ತುತ್ತತುದಿಯನ್ನು 2018ರಲ್ಲಿ ಜಗತ್ತು ಕಂಡಿತು. ಇಟಲಿಯ ಅಲೆಸಿಯೊ ಮಾಮೊ ಎಂಬ ಛಾಯಾಗ್ರಾಹಕ ಉತ್ತರಪ್ರದೇಶ, ಮಧ್ಯಪ್ರದೇಶಗಳ ಹಳ್ಳಿಗಳಲ್ಲಿ ಬಡವರ ಮುಂದೆ ಮೇಜು ಹಾಸಿ, ನಕಲಿ ತಿಂಡಿತಿನಿಸುಗಳನ್ನಿಟ್ಟು, ಕಣ್ಣು ಮುಚ್ಚಿ ನಿಲ್ಲುವಂತೆ ಹೇಳಿ ತೆಗೆದಿದ್ದ ಚಿತ್ರಗಳು ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆಯ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಬಂದವು. ಬಿರುಗಾಳಿಯೇ ಎದ್ದಿತು, ಅವರು ಕ್ಷಮೆ ಕೇಳಿದರು. ಆಗ ನಮ್ಮವರೆಲ್ಲ ವಿದೇಶಿಯರ ಕಣ್ಣನ್ನು ಬೈದರು. ಬೈಯಲು ನನಗೂ ಮನಸ್ಸಾಯಿತು, ಆದರೆ ಮದುವೆಯ ಆಲ್ಬಮ್ಮಿನಿಂದ ಬಿಡುವು ಮಾಡಿಕೊಂಡು ಹಳ್ಳಿಯ ಮಗುವಿನ ಕೈಗೆ ಖಾಲಿ ತಟ್ಟೆ ಕೊಟ್ಟು ನಿಲ್ಲಿಸುವ ಸ್ವದೇಶಿಯರನ್ನೂ ನಾನು ಬಲ್ಲೆ.

ಬೇರೆ ದಾರಿ ಇಲ್ಲವೆಂದಲ್ಲ. ಇದೇ ಮುಂಬಯಿಯ ಸುಧಾರಕ ಓಳ್ವೆ ಅವರು ಮಹಾನಗರಪಾಲಿಕೆಯ ಸಫಾಯಿ ಕಾರ್ಮಿಕರನ್ನು ವರ್ಷಗಟ್ಟಲೆ ಹಿಂಬಾಲಿಸಿ ದಾಖಲಿಸಿದರು. ಗಟಾರದೊಳಗಿನ ಚಿತ್ರದ ಜೊತೆಗೆ ಮನೆಯೊಳಗಿನ ಚಿತ್ರವೂ ಅವರಲ್ಲಿದೆ, ಮತ್ತು ಆ ಕೆಲಸಕ್ಕೆ ಯಾವ ಜಾತಿಯವರು ಬರುತ್ತಾರೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪಿ. ಸಾಯಿನಾಥ್ ಅವರು 2014ರಲ್ಲಿ ಮುಂಬಯಿಯಿಂದ ಆರಂಭಿಸಿದ ‘ಪರಿ’ ಎಂಬ ಗ್ರಾಮೀಣ ಭಾರತದ ಅಂತರ್ಜಾಲ ಸಂಗ್ರಹದಲ್ಲಿ ಚಿತ್ರದ ಕೆಳಗೆ ವ್ಯಕ್ತಿಯ ಹೆಸರು, ಊರು, ಕಸುಬು ಇರುತ್ತವೆ. ಬರಹ ಕನ್ನಡದಲ್ಲಿಯೂ ಬರುವುದರಿಂದ ಚಿತ್ರದಲ್ಲಿರುವವರೇ ಅದನ್ನು ಓದಿಸಿ ಕೇಳಬಹುದು. ಎರಡು ಕಡೆಯೂ ಕಾಲವೇ ಬಂಡವಾಳ, ಫ್ರೀಲಾನ್ಸರ್‌ನಲ್ಲಿ ಇರದೇ ಇರುವುದೂ ಅದೇ.

ಕಾಲವನ್ನು ಕೊಂಡುಕೊಳ್ಳಬೇಕಾದರೆ ದುಡಿದದ್ದು ಕೈಗೆ ಬರಬೇಕು. ಬಿಲ್ಲು ಕೊಟ್ಟು ಮೂರು ತಿಂಗಳು ಕಾಯುವುದು ನಮ್ಮಲ್ಲಿ ಮಾಮೂಲು. ಒಬ್ಬಂಟಿ ಛಾಯಾಗ್ರಾಹಕನೂ ‘ಉದ್ಯಮ್’ ಜಾಲತಾಣದಲ್ಲಿ ಉಚಿತವಾಗಿ ಕಿರು ಉದ್ಯಮವೆಂದು ನೋಂದಾಯಿಸಿಕೊಳ್ಳಬಹುದು. ಹಾಗೆ ಮಾಡಿಕೊಂಡವರಿಗೆ 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಸಾಲನ್ನು ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿಸಿದ ಮೇಲೆ ನನಗೆ ಬರುವ ‘ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ’ ಎಂಬ ಉತ್ತರಗಳು ಕಡಿಮೆಯಾಗಿವೆ.

ಯಾದಗಿರಿಯ ಆ ಹೆಣ್ಣುಮಗಳ ಚಿತ್ರವನ್ನು ಕೊನೆಗೆ ಹೀಗೆ ತೆಗೆದೆ: ಬೆನ್ನ ಹಿಂದಿನಿಂದ, ರೊಟ್ಟಿ ತಟ್ಟುವ ಕೈ, ಹೊಗೆ, ಸಿಮೆಂಟು ಅಂಟಿದ ಹಲಗೆ, ದೂರದಲ್ಲಿ ಅವಳು ಕಟ್ಟುತ್ತಿದ್ದ ಕಟ್ಟಡ. ಮುಖವಿಲ್ಲ, ಸೈಟಿನ ಹೆಸರಿಲ್ಲ, ಚಿತ್ರದ ಫೈಲಿನಲ್ಲಿ ಸೇರಿಕೊಂಡಿದ್ದ ಜಾಗದ ಜಿಪಿಎಸ್ ಗುರುತನ್ನು ಅಳಿಸಿದ್ದೇನೆ. ಪತ್ರಿಕೆಯೊಂದು ಒಂದು ಸಲದ ಬಳಕೆಗೆ ಅದನ್ನು ಕೊಂಡಿತು. ಪ್ರಿಂಟ್ ಕೊಡಲು ಹೋದಾಗ ಅವಳು ಅದನ್ನು ಒಂದು ಕ್ಷಣ ನೋಡಿ ಗಂಡನ ಕೈಗೆ ಕೊಟ್ಟು, ‘ಇದಿರ್ಲಿ, ಈಗೊಂದು ಚಲೋದು ತಗೀರಿ’ ಎಂದು ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಲಿಫ್ಟು ಇನ್ನೂ ಬಂದಿರಲಿಲ್ಲ. ಹನ್ನೊಂದು ಮಾಳಿಗೆ ಹತ್ತಿದೆವು. ಟೈಲ್ಸ್ ಹಾಕಿ ಮುಗಿದಿದ್ದ ಒಂದು ಮನೆಯ ಬಾಲ್ಕನಿಯಲ್ಲಿ, ಕಂಬಿ ಹಿಡಿದು, ಹಿಂದೆ ಖಾಡಿಯ, ಎಂದರೆ ಒಳನುಗ್ಗಿದ ಕಡಲಿನ, ನೀರು ಕಾಣುವಂತೆ ಅವಳು ನಿಂತಳು. ಅತ್ತೆಯ ಮನೆಗೆ ಹೋದದ್ದು ಆ ಚಿತ್ರ. ನನ್ನ ಹಾರ್ಡ್ ಡಿಸ್ಕಿನಲ್ಲಿ ಎರಡೂ ಒಂದೇ ಫೋಲ್ಡರಿನಲ್ಲಿವೆ. ಬಾಲ್ಕನಿಯದರ ಶೀರ್ಷಿಕೆಯ ಜಾಗದಲ್ಲಿ ದಿನಾಂಕದ ಮುಂದೆ ‘ಮಾರುವಂತಿಲ್ಲ’ ಎಂದು ಬರೆದಿಟ್ಟಿದ್ದೇನೆ.